ಮರುಭೂಮಿಯ ಹೆಪ್ಪು: ಅರೇಬಿಯದ ಹುಳಿಹಾಲಿನ ಇತಿಹಾಸ

ಇಕ್ತ್ ಎಂಬುದು ಸೌದಿ ಅರೇಬಿಯದ ಒಣ ಮಜ್ಜಿಗೆ. ಬೆಣ್ಣೆ ತೆಗೆದ ಹುಳಿ ಮಜ್ಜಿಗೆಯನ್ನು ಒಲೆಯ ಮೇಲಿಟ್ಟು ಕಾಯಿಸಿ, ನೀರು ಬಸಿದು, ಉಳಿದ ಗಟ್ಟಿಯನ್ನು ಅಂಗೈಯಲ್ಲಿ ಹಿಚುಕಿ ಬಿಸಿಲಿಗೆ ಹಾಕಿದರೆ ಇಕ್ತ್ ಆಗುತ್ತದೆ. ಚೆನ್ನಾಗಿ ಒಣಗಿದ ಇಕ್ತ್ ಸುಣ್ಣದ ಕಲ್ಲಿನಷ್ಟು ಗಟ್ಟಿ. ಅದನ್ನು ಕೈಗೆತ್ತಿಕೊಂಡರೆ ಒಂದು ಮಗ್ಗುಲಲ್ಲಿ ನಾಲ್ಕು ಬೆರಳುಗಳ ಗುರುತು ಸಾಲಾಗಿ ಕಾಣುತ್ತದೆ. ಹಿಚುಕಿದ ಹೆಂಗಸಿನ ಮುಷ್ಟಿಯ ಅಚ್ಚು ಅದು. ನಜ್ದ್ ಸೀಮೆಯಲ್ಲಿ ಇದರ ಹೆಸರು ಇಕ್ತ್, ಉತ್ತರದ ಕಡೆ ಬಕಲ್, ತಾಯಿಫ್ ಮತ್ತು ಹಿಜಾಝ್ ಸೀಮೆಯಲ್ಲಿ ಮದೀರ್. ಹೆಸರು ಯಾವುದಾದರೂ ಬಾಯಲ್ಲಿಟ್ಟಾಗ ಮೊದಲು ತಿಳಿಯುವುದು ಹುಳಿ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಹಾಲಿನಲ್ಲಿ ಮಾಡಿಟ್ಟ ಕೆಲಸವೇ ಆ ಹುಳಿ. ಅರಬ್ ಮರುಭೂಮಿಯ ಅಲೆಮಾರಿ ಪಶುಪಾಲಕರಾದ ಬದುಗಳು ಸಾವಿರಾರು ವರ್ಷ ಬದುಕಿದ್ದು ಈ ಕೆಲಸವನ್ನು ನಂಬಿಕೊಂಡೇ.

ಹಾಲಿನ ಕಾಲ

ಅರೇಬಿಯದ ನಡುಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿಲಿಮೀಟರ್. ಅದೂ ಹೆಚ್ಚಾಗಿ ಚಳಿಗಾಲದಿಂದ ವಸಂತದವರೆಗೆ ಬಿಡಿಬಿಡಿಯಾಗಿ ಬೀಳುತ್ತದೆ. ಮಳೆ ಬಿದ್ದ ಕಡೆ ಕೆಲವೇ ವಾರಗಳಲ್ಲಿ ನೆಲ ಹಸಿರಾಗುತ್ತದೆ. ಈ ಕಾಲವನ್ನು ಅರಬರು ರಬೀ ಎನ್ನುತ್ತಾರೆ. ಆಗ ಕುರಿ ಮೇಕೆಗಳು ಈದು, ಕೆಚ್ಚಲು ತುಂಬಿ, ಒಂದು ಡೇರೆಯ ಮಂದಿ ಕುಡಿದು ಮುಗಿಸಲಾರದಷ್ಟು ಹಾಲು ಬರುತ್ತದೆ. ಬೇಸಿಗೆ ಬಂತೆಂದರೆ ಮೇವು ಒಣಗಿ ಹಾಲು ಬತ್ತುತ್ತದೆ, ಬಿಸಿಲು 45 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಾಗಾಗಿ ವಸಂತದ ಸಮೃದ್ಧಿಯನ್ನು ಬೇಸಿಗೆಯ ಬರಗಾಲಕ್ಕೆ ಸಾಗಿಸುವುದೇ ಇಲ್ಲಿಯ ಬದುಕಿನ ಮುಖ್ಯ ಸಮಸ್ಯೆಯಾಗಿತ್ತು.

ಹಸಿ ಹಾಲು ಈ ಸೆಕೆಯಲ್ಲಿ ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ನೀರಿನ ಅಂಶ, ಸಕ್ಕರೆ, ಪ್ರೋಟೀನ್, ಕೊಬ್ಬು ಎಲ್ಲವೂ ಇರುವ ಹಾಲು ಮನುಷ್ಯನಿಗೆ ಎಷ್ಟು ಒಳ್ಳೆಯ ಆಹಾರವೋ ಸೂಕ್ಷ್ಮಜೀವಿಗಳಿಗೂ ಅಷ್ಟೇ ಒಳ್ಳೆಯ ಆಹಾರ. ಅದನ್ನು ಸೂಕ್ಷ್ಮಜೀವಿಗಳಿಂದ ದೂರವಿಡಲು ಡೇರೆಯಲ್ಲಿ ಬಾಳುವವರಿಗೆ ದಾರಿ ಇರಲಿಲ್ಲ. ಯಾವ ಜೀವಿ ಮೊದಲು ಹಾಲಿಗೆ ಇಳಿಯಬೇಕು ಎಂಬುದನ್ನು ಮಾತ್ರ ಅವರು ತಮ್ಮ ಕೈಯಲ್ಲಿಟ್ಟುಕೊಂಡರು. ಕನ್ನಡದ ಮನೆಗಳಲ್ಲಿ ನಿತ್ಯ ರಾತ್ರಿ ಹೆಪ್ಪು ಹಾಕುವಾಗ ನಡೆಯುವುದೂ ಇದೇ.

ಮುಳ್ಳಿನಿಂದ ಹಾಲು

ಸೂಕ್ಷ್ಮಜೀವಿಗಳ ಕೆಲಸ ಹಾಲು ಕರೆಯುವ ಮೊದಲೇ ಶುರುವಾಗಿರುತ್ತದೆ. ಮರುಭೂಮಿಯ ಕುರುಚಲು ಗಿಡ, ಒಣ ಹುಲ್ಲು, ಜಾಲಿಯ ಚಿಗುರು ಇವುಗಳಲ್ಲಿ ಬಹುಪಾಲು ನಾರು. ಮನುಷ್ಯನ ಹೊಟ್ಟೆಗೆ ನಾರು ದಕ್ಕದು. ಕುರಿ ಮೇಕೆಗಳ ಮೆಲುಕು ಹೊಟ್ಟೆಯಲ್ಲಿ, ಒಂಟೆಯ ಮೂರು ಕೋಣೆಯ ಹೊಟ್ಟೆಯಲ್ಲಿ ಕೋಟ್ಯಂತರ ಬ್ಯಾಕ್ಟೀರಿಯ, ಶಿಲೀಂಧ್ರ ಮತ್ತು ಏಕಕೋಶ ಜೀವಿಗಳು ಮನೆಮಾಡಿವೆ. ಅವು ನಾರನ್ನು ಮುರಿದು ಸಣ್ಣ ಕೊಬ್ಬಿನಾಮ್ಲಗಳಾಗಿ ಮಾಡುತ್ತವೆ. ಪ್ರಾಣಿಗೆ ಶಕ್ತಿ ಸಿಗುವುದು ಅವುಗಳಿಂದ. ಸತ್ತ ಬ್ಯಾಕ್ಟೀರಿಯಗಳೇ ಮುಂದಿನ ಕರುಳಿನಲ್ಲಿ ಜೀರ್ಣವಾಗಿ ಪ್ರಾಣಿಗೆ ಪ್ರೋಟೀನ್ ಒದಗಿಸುತ್ತವೆ.

ಮೇವಿನ ಹಿಂದೆಯೂ ಇಂಥ ಜೀವಿಗಳಿವೆ. ಜಾಲಿಯ ಜಾತಿಯ ಮರಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದು ಬಡ ನೆಲಕ್ಕೆ ಕೊಡುತ್ತವೆ. ತುಳಿತಕ್ಕೆ ಸಿಗದ ಬಯಲಿನಲ್ಲಿ ಸಯನೋಬ್ಯಾಕ್ಟೀರಿಯಗಳು ಮಣ್ಣಿನ ಕಣಗಳನ್ನು ಅಂಟಿಸಿ ತೆಳುವಾದ ಹೊರಪದರ ಕಟ್ಟುತ್ತವೆ. ಗಾಳಿಗೆ ಮಣ್ಣು ಹಾರಿಹೋಗದಂತೆ ಅದು ತಡೆಯುತ್ತದೆ. ಒಳ್ಳೆಯ ಮಳೆಯಾದ ವರ್ಷ ಬದುಗಳು ಮರಳಿನಡಿಯಿಂದ ಕಿತ್ತು ತರುವ ಫಗಾ ಎಂಬ ನೆಲದ ಅಣಬೆಯೂ ಸಣ್ಣ ಗಿಡವೊಂದರ ಬೇರಿನ ಜೊತೆ ಕೂಡಿ ಬಾಳುವ ಶಿಲೀಂಧ್ರವೇ. ಮಣ್ಣು, ಮೇವು, ಹೊಟ್ಟೆ, ಹಾಲು, ಮಜ್ಜಿಗೆ ಎಂಬ ಸರಪಳಿಯ ಪ್ರತಿ ಕೊಂಡಿಯಲ್ಲೂ ಸೂಕ್ಷ್ಮಜೀವಿಗಳು ದುಡಿಯುತ್ತವೆ. ಇಕ್ತ್ ಆ ಸರಪಳಿಯ ಕೊನೆಯ ಕೊಂಡಿ.

ಪ್ರಾಚೀನ ಮೂಲ

ಅರೇಬಿಯದಲ್ಲಿ ಪಶುಪಾಲನೆ ಒಂಟೆಗಿಂತ ಬಹಳ ಹಳೆಯದು. ಹಾಯಿಲ್ ಪ್ರಾಂತ್ಯದ ಜುಬ್ಬಾ ಮತ್ತು ಶುವೈಮಿಸ್ ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳ ಚಿತ್ರಗಳನ್ನು ಕೊರೆದಿದ್ದಾರೆ. ಈ ನಾಡು ಇಂದಿಗಿಂತ ಹೆಚ್ಚು ಮಳೆ ಕಂಡ ಕಾಲದ ನೆನಪು ಅವು. ಈ ಶಿಲಾಚಿತ್ರಗಳಿಗೆ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಅಲ್‌ಉಲಾ ಮತ್ತು ಖೈಬರ್ ಸುತ್ತಮುತ್ತ ಮುಸ್ತತಿಲ್ ಎಂದು ಕರೆಯುವ, ಕಲ್ಲಿನಲ್ಲಿ ಕಟ್ಟಿದ ನೂರಾರು ಆಯತಾಕಾರದ ರಚನೆಗಳಿವೆ. ಸುಮಾರು 7,000 ವರ್ಷ ಹಳೆಯದಾದ ಇವುಗಳಲ್ಲಿ ಕೆಲವನ್ನು ಅಗೆದಾಗ ದನಗಳ ಕೊಂಬು, ತಲೆಬುರುಡೆಗಳು ಸಿಕ್ಕಿವೆ. ಹವೆ ಒಣಗುತ್ತ ಹೋದಂತೆ ದನಗಳ ಜಾಗಕ್ಕೆ ಕುರಿ ಮೇಕೆಗಳು ಬಂದವು. ಕ್ರಿಸ್ತಪೂರ್ವ 1000ದ ಆಸುಪಾಸಿನಲ್ಲಿ ಒಂಟಿ ಡುಬ್ಬದ ಒಂಟೆಯನ್ನು ಪಳಗಿಸಿದ ಮೇಲೆ ಒಳನಾಡಿನ ಮರಳುಗಾಡು ಮನುಷ್ಯನಿಗೆ ತೆರೆದುಕೊಂಡಿತು.

ಹಾಲನ್ನು ಹುಳಿ ಮಾಡುವ ವಿದ್ಯೆ ಯಾವ ಡೇರೆಯಲ್ಲಿ ಹುಟ್ಟಿತು ಎಂದು ಬೆರಳಿಟ್ಟು ತೋರಿಸಲಾಗದು. ಚರ್ಮದ ಚೀಲದಲ್ಲಿ ಹಾಲು ತುಂಬಿ ಪ್ರಾಣಿಯ ಬೆನ್ನ ಮೇಲೆ ಹೇರಿದರೆ ಬಿಸಿಲಿಗೆ ಅದು ಹುಳಿಯುತ್ತದೆ, ಕುಲುಕಾಟಕ್ಕೆ ಬೆಣ್ಣೆ ಕಟ್ಟುತ್ತದೆ. ಪಶ್ಚಿಮ ಏಷ್ಯಾದ ಹಳೆಯ ಮಡಕೆ ಚೂರುಗಳಲ್ಲಿ ಅಂಟಿದ್ದ ಕೊಬ್ಬನ್ನು ಪರೀಕ್ಷಿಸಿದ ವಿಜ್ಞಾನಿಗಳು ಕ್ರಿಸ್ತಪೂರ್ವ ಏಳನೆಯ ಸಹಸ್ರಮಾನದಲ್ಲೇ ಜನ ಹಾಲನ್ನು ಬಳಸುತ್ತಿದ್ದರೆಂದು 2008ರಲ್ಲಿ ತೋರಿಸಿಕೊಟ್ಟರು.

ಅಷ್ಟು ಹಿಂದೆ ವಯಸ್ಕರಲ್ಲಿ ಹೆಚ್ಚಿನವರಿಗೆ ಹಸಿ ಹಾಲು ದಕ್ಕುತ್ತಿರಲಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳವೆ ಕಳೆದ ಮೇಲೆ ದೇಹದಲ್ಲಿ ಕಡಿಮೆಯಾಗುವುದೇ ಅದಕ್ಕೆ ಕಾರಣ. ಅರೇಬಿಯದ ಜನರಲ್ಲಿ ಈ ಕಿಣ್ವವನ್ನು ಜೀವನಪೂರ್ತಿ ಉಳಿಸುವ ಜೀನ್ ಬದಲಾವಣೆಯೊಂದು ಮುಂದೆ ಬೇರೂರಿತು. ಅದು ಯುರೋಪಿನವರಲ್ಲಿ ಕಾಣುವ ಬದಲಾವಣೆಗಿಂತ ಬೇರೆ, ಇಲ್ಲಿಯೇ ಸ್ವತಂತ್ರವಾಗಿ ಹುಟ್ಟಿದ್ದು ಎಂದು 2008ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ಒಂಟೆ ಸಾಕಣೆಗೂ ಅದಕ್ಕೂ ನಂಟಿರಬಹುದೆಂದು ಸಂಶೋಧಕರು ಊಹಿಸಿದರು. ಆ ಬದಲಾವಣೆ ಬರುವ ಮೊದಲೂ, ಬಾರದವರಲ್ಲಿ ನಂತರವೂ, ಲ್ಯಾಕ್ಟೋಸಿನ ಒಂದು ಪಾಲನ್ನು ಹೊಟ್ಟೆಯ ಹೊರಗೇ ಒಡೆದು ಹಾಲನ್ನು ದಕ್ಕುವಂತೆ ಮಾಡಿದ್ದು ಹುಳಿಸುವ ಬ್ಯಾಕ್ಟೀರಿಯಗಳು.

ಚರ್ಮದ ಚೀಲ

ಬದುಗಳ ಹಾಲಿನ ಪಾತ್ರೆ ಮೇಕೆ ಅಥವಾ ಕುರಿಯ ಚರ್ಮದ ಚೀಲ. ಅದನ್ನು ಸಿಕಾ, ಸಮೀಲ್ ಎಂದೆಲ್ಲ ಕರೆಯುತ್ತಾರೆ. ಪ್ರಾಣಿಯ ತೊಗಲನ್ನು ಉದ್ದಕ್ಕೆ ಸೀಳದೆ ಇಡಿಯಾಗಿ ಸುಲಿದು, ಕೂದಲು ತೆಗೆದು, ಕರಿಜಾಲಿಯ ಕಾಯಿ ಅಥವಾ ಮರಳುಗಾಡಿನ ಅರ್ತಾ ಗಿಡದ ಒಗರಿನಿಂದ ಹದ ಮಾಡುತ್ತಿದ್ದರು. ಕಾಲಿನ ತೂತುಗಳನ್ನು ಬಿಗಿದು ಕಟ್ಟಿದರೆ ಕತ್ತಿನ ಕಡೆ ಬಾಯಿಯಾಗುತ್ತದೆ. ಮಣ್ಣಿನ ಮಡಕೆಯಂತೆ ಇದು ಪ್ರಯಾಣದಲ್ಲಿ ಒಡೆಯದು, ಬರಿದಾದಾಗ ಮಡಚಿ ಇಡಬಹುದು.

ಈ ಚೀಲದ ಒಳಮೈ ಹೆಪ್ಪಿನ ಮನೆಯಾಗಿತ್ತು. ಹಾಲು ಖಾಲಿಯಾದ ಮೇಲೂ ತೊಗಲಿನ ಸೂಕ್ಷ್ಮ ರಂಧ್ರಗಳಲ್ಲಿ, ಮಡಿಕೆಗಳಲ್ಲಿ ಬ್ಯಾಕ್ಟೀರಿಯಗಳು ಅಂಟಿಕೊಂಡು ಉಳಿಯುತ್ತವೆ. ಮರುದಿನ ಹೊಸ ಹಾಲು ಸುರಿದೊಡನೆ ಅವು ಮತ್ತೆ ಕೆಲಸಕ್ಕಿಳಿಯುತ್ತವೆ. ಹಿಂದಿನ ದಿನದ ಹುಳಿಹಾಲನ್ನು ಸ್ವಲ್ಪ ಉಳಿಸಿ ಸೇರಿಸುವುದೂ ಇತ್ತು. ಹೀಗೆ ಒಂದು ಡೇರೆಯ ಹೆಪ್ಪು ದಿನದಿಂದ ದಿನಕ್ಕೆ, ಹಳೆಯ ಚೀಲದಿಂದ ಹೊಸ ಚೀಲಕ್ಕೆ, ತಾಯಿಯಿಂದ ಮಗಳಿಗೆ ಸಾಗಿತು. ಅಕ್ಷರವಿಲ್ಲದ, ಸೂಕ್ಷ್ಮದರ್ಶಕ ಕಾಣದ ಹೆಂಗಸರು ಯೋಗ್ಯ ತಳಿಗಳನ್ನು ಆರಿಸಿ ಕಾಪಾಡಿದರು. ರುಚಿ ಕೆಟ್ಟ ಹುಳಿಯನ್ನು ಚೆಲ್ಲಿ ಚೆನ್ನಾದದ್ದನ್ನು ಮುಂದಿನ ಹಾಲಿಗೆ ಹಾಕುವುದೇ ಅವರ ಆಯ್ಕೆಯ ವಿಧಾನ.

ಚೀಲದೊಳಗೆ ನಡೆಯುವುದು ಇಷ್ಟು. ಲ್ಯಾಕ್ಟೋಕಾಕಸ್, ಸ್ಟ್ರೆಪ್ಟೋಕಾಕಸ್, ಲ್ಯಾಕ್ಟೋಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಗಳು ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ಹಸಿ ಹಾಲಿನ ಪಿಎಚ್ ಸುಮಾರು 6.6. ಆಮ್ಲ ಕೂಡುತ್ತ ಅದು 4.6ರ ಹತ್ತಿರ ಇಳಿದಾಗ ಕೇಸಿನ್ ಎಂಬ ಪ್ರೋಟೀನ್ ಒಂದಕ್ಕೊಂದು ಅಂಟಿ ಹಾಲು ಹೆಪ್ಪುಗಟ್ಟುತ್ತದೆ. ಕೊಳೆಸುವ ಬ್ಯಾಕ್ಟೀರಿಯಗಳಲ್ಲಿ ಹೆಚ್ಚಿನವು ಅಷ್ಟು ಹುಳಿಯಲ್ಲಿ ಬೆಳೆಯಲಾರವು. ಹುಳಿಸುವ ಜೀವಿಗಳು ತಮಗಾಗಿ ಕಟ್ಟಿಕೊಂಡ ಈ ಕೋಟೆ ಮನುಷ್ಯನ ಆಹಾರಕ್ಕೂ ಕಾವಲಾಯಿತು. ಜೊತೆಗೆ ಯೀಸ್ಟ್‌ಗಳೂ ಸೇರಿ ತಮ್ಮ ಪರಿಮಳವನ್ನು ಕೊಡುತ್ತವೆ.

ಕಡೆಯುವ ಕೆಲಸ ಬೆಳಗಿನ ತಂಪಿನಲ್ಲಿ ನಡೆಯುತ್ತಿತ್ತು. ಮೂರು ಕೋಲುಗಳನ್ನು ತುದಿಯಲ್ಲಿ ಕಟ್ಟಿ ನಿಲ್ಲಿಸಿ, ಅದಕ್ಕೆ ಚೀಲವನ್ನು ಅಡ್ಡ ತೂಗುಹಾಕಿ, ಹೆಂಗಸು ಪಕ್ಕದಲ್ಲಿ ಕುಳಿತು ತೊಟ್ಟಿಲು ತೂಗಿದಂತೆ ಹಿಂದೆ ಮುಂದೆ ನೂಕುತ್ತಿದ್ದಳು. ಹುಳಿ ಬಂದ ಹಾಲಿನಲ್ಲಿ ಕೊಬ್ಬಿನ ಕಣಗಳು ಬೇಗ ಒಂದಾಗುತ್ತವೆ. ಬಿಸಿಲೇರಿದರೆ ಬೆಣ್ಣೆ ಕರಗಿ ಕೂಡಿಕೊಳ್ಳುವುದಿಲ್ಲ. ಕನ್ನಡ ನಾಡಿನಲ್ಲಿ ನಸುಕಿನಲ್ಲೇ ಕಡಗೋಲು ಹಿಡಿಯುತ್ತಿದ್ದುದಕ್ಕೂ ಇದೇ ಕಾರಣ. ಒಳಗಿನ ಸಪ್ಪಳ ಬದಲಾದಾಗ ಬೆಣ್ಣೆ ಬಂತೆಂದು ಗೊತ್ತಾಗುತ್ತದೆ. ಬೆಣ್ಣೆಯನ್ನು ತೆಗೆದು ಸ್ವಲ್ಪ ಹಿಟ್ಟಿನೊಡನೆ ಕಾಯಿಸಿದರೆ ಸಮ್ನ್, ಅಂದರೆ ತುಪ್ಪ. ಉಳಿದದ್ದು ಲಬನ್, ಅಂದರೆ ಮಜ್ಜಿಗೆ. ಹಳೆಯ ಅರಬಿಯಲ್ಲಿ ಲಬನ್ ಎಂದರೆ ಹಾಲು. ಇಂದಿನ ಸೌದಿಯಲ್ಲಿ ಹಸಿ ಹಾಲಿಗೆ ಹಲೀಬ್ ಎನ್ನುತ್ತಾರೆ, ಲಬನ್ ಎಂದರೆ ಹುಳಿ ಮಜ್ಜಿಗೆ.

ಇಕ್ತ್ ಕಟ್ಟುವ ಬಗೆ

ಲಬನ್ ಒಂದೆರಡು ದಿನ ತಾಳುತ್ತದೆ, ಆಮೇಲೆ ಬಾಯಿಗಿಡಲಾಗದಷ್ಟು ಹುಳಿಯಾಗುತ್ತದೆ. ಅದನ್ನು ತಿಂಗಳುಗಟ್ಟಲೆ ಇಡಲು ನೀರು ತೆಗೆಯಬೇಕು. ದೊಡ್ಡ ಪಾತ್ರೆಯಲ್ಲಿ ಲಬನ್ ಸುರಿದು ಸಣ್ಣ ಉರಿಯಲ್ಲಿ ಕಾಯಿಸಿದಾಗ ಪ್ರೋಟೀನ್ ಗಟ್ಟಿಯಾಗಿ ತಿಳಿನೀರು ಬೇರೆಯಾಗುತ್ತದೆ. ನೀರನ್ನು ಬಟ್ಟೆಯಲ್ಲಿ ಬಸಿದು, ಉಳಿದ ಗಟ್ಟಿಗೆ ಕೆಲವೆಡೆ ಉಪ್ಪು ಬೆರೆಸಿ, ನಾದಿ, ಹಿಡಿ ಹಿಡಿಯಾಗಿ ಹಿಚುಕಿ, ಡೇರೆಯ ಬಟ್ಟೆಯ ಮೇಲೋ ಚಾಪೆಯ ಮೇಲೋ ಸಾಲಾಗಿ ಇಡುತ್ತಾರೆ. ಕೆಲವು ದಿನಗಳ ಒಣ ಗಾಳಿ, ಬಿಸಿಲು ಉಳಿದ ಕೆಲಸವನ್ನು ಮುಗಿಸುತ್ತವೆ.

ಒಂಟೆಯ ಹಾಲು ಇದಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಕಪ್ಪಾ ಕೇಸಿನ್ ಎಂಬ ಪ್ರೋಟೀನ್ ಕಡಿಮೆ, ಹಾಗಾಗಿ ಹೆಪ್ಪು ಸಡಿಲ. ಕೊಬ್ಬಿನ ಕಣಗಳೂ ಸಣ್ಣವು, ಬೆಣ್ಣೆ ಸುಲಭವಾಗಿ ಕೂಡುವುದಿಲ್ಲ. ಆದ್ದರಿಂದ ಒಂಟೆ ಹಾಲನ್ನು ಹಸಿಯಾಗಿಯೋ ಹುಳಿಯಾಗಿಯೋ ಕುಡಿದರು. ತುಪ್ಪಕ್ಕೂ ಇಕ್ತ್‌ಗೂ ಕುರಿ ಮೇಕೆಯ ಹಾಲನ್ನು ಇಟ್ಟುಕೊಂಡರು. ಕುರಿ ಕಾಯುವ ಬುಡಕಟ್ಟು, ಒಂಟೆ ಕಾಯುವ ಬುಡಕಟ್ಟು ಎಂಬ ಹಳೆಯ ಭೇದದ ಹಿಂದೆ ಹಾಲಿನ ಈ ಗುಣವೂ ಇತ್ತು.

ಪಾತ್ರೆಯಲ್ಲಿ ಕಾಯಿಸುವಾಗ ಲಬನ್‌ನ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಸಾಯುತ್ತವೆ. ಅವು ಮಾಡಿಟ್ಟ ಆಮ್ಲ ಮಾತ್ರ ಉಂಡೆಯೊಳಗೆ ಉಳಿದು ಕಾಯುತ್ತದೆ. ಆಮ್ಲ, ಉಪ್ಪು, ನೀರಿಲ್ಲದ ಒಣಗು ಈ ಮೂರೂ ಸೇರಿದ ಕಡೆ ಕೊಳೆಸುವ ಜೀವಿ ತಲೆಯೆತ್ತದು. ಪ್ರೋಟೀನ್, ಕ್ಯಾಲ್ಸಿಯಂ ತುಂಬಿದ ಈ ಉಂಡೆ ಚೀಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಬೇಕಾದಾಗ ಕಲ್ಲಿನಿಂದ ಕುಟ್ಟಿ ನೀರಿನಲ್ಲಿ ಕಿವುಚಿದರೆ ಮತ್ತೆ ಮಜ್ಜಿಗೆ. 1876ರಿಂದ 1878ರವರೆಗೆ ಅರೇಬಿಯದಲ್ಲಿ ಅಲೆದ ಇಂಗ್ಲಿಷ್ ಪ್ರವಾಸಿ ಚಾರ್ಲ್ಸ್ ಡೌಟಿ ಇದನ್ನು ಮರೀಸಿ ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ನೆನೆಯುತ್ತಾನೆ. ಬೇರೆ ಊಟವಿಲ್ಲದ ದಾರಿಯಲ್ಲಿ ಬದುಗಳ ಬುತ್ತಿ ಅದೇ ಆಗಿತ್ತು.

ದಾನದಲ್ಲಿ, ಮದುವೆಯ ಊಟದಲ್ಲಿ

ಇಸ್ಲಾಮಿನ ಆರಂಭಕಾಲದ ದಾಖಲೆಗಳಲ್ಲಿ ಈ ಆಹಾರಕ್ಕೆ ಗೌರವದ ಸ್ಥಾನವಿದೆ. ರಂಜಾನ್ ಮುಗಿದಾಗ ಬಡವರಿಗೆ ಕೊಡಬೇಕಾದ ಫಿತ್ರ್ ದಾನವನ್ನು ಒಂದು ಸಾ ಅಳತೆಯಷ್ಟು ಖರ್ಜೂರ, ಬಾರ್ಲಿ, ಒಣದ್ರಾಕ್ಷಿ ಅಥವಾ ಇಕ್ತ್ ರೂಪದಲ್ಲಿ ಕೊಡುತ್ತಿದ್ದರೆಂದು ಪ್ರವಾದಿಯ ಸಂಗಾತಿ ಅಬೂ ಸಈದ್ ಅಲ್ ಖುದ್ರಿ ಅವರಿಂದ ಬಂದ ಹದೀಸ್, ಅಂದರೆ ಪ್ರವಾದಿಯ ನಡೆನುಡಿಯ ವರದಿ, ತಿಳಿಸುತ್ತದೆ. ದಾನಕ್ಕೆ ಯೋಗ್ಯವೆನಿಸಬೇಕಾದರೆ ವಸ್ತು ಎಲ್ಲರಿಗೂ ಬೇಕಾದದ್ದಾಗಿರಬೇಕು, ಅಳೆಯಲು ಬರಬೇಕು, ಕೆಡದೆ ಉಳಿಯಬೇಕು. ಖರ್ಜೂರ, ಬಾರ್ಲಿಗಳ ಸಾಲಿನಲ್ಲಿ ಹಾಲಿನ ಪದಾರ್ಥವೊಂದು ನಿಂತದ್ದು ಅದಕ್ಕೆ ಈ ಮೂರೂ ಗುಣ ಇದ್ದುದರಿಂದ.

ಕ್ರಿಸ್ತಶಕ 628ರಲ್ಲಿ ಖೈಬರ್‌ನಿಂದ ಮದೀನಾಕ್ಕೆ ಮರಳುವ ದಾರಿಯಲ್ಲಿ ಪ್ರವಾದಿ ಮುಹಮ್ಮದರು ಸಫಿಯ್ಯಾ ಅವರನ್ನು ಮದುವೆಯಾದಾಗ ಬಡಿಸಿದ ಊಟ ಹೈಸ್ ಎಂದು ಹದೀಸ್‌ಗಳು ಹೇಳುತ್ತವೆ. ಬೀಜ ತೆಗೆದ ಖರ್ಜೂರ, ತುಪ್ಪ, ಇಕ್ತ್ ಮೂರನ್ನೂ ಕಲಸಿ ಮಾಡುವ ತಿನಿಸು ಅದು. ತೋಟದ ಸಿಹಿ, ಡೇರೆಯ ಕೊಬ್ಬು, ಚೀಲದ ಹುಳಿ ಒಂದೇ ಚರ್ಮದ ಹಾಸಿನ ಮೇಲೆ ಕೂಡಿದ್ದವು. ಹೈಸ್ ಇಂದಿಗೂ ಅರಬ್ ಅಡುಗೆಯಲ್ಲಿ ಉಳಿದಿದೆ.

ತುಪ್ಪದ ಸಾರ್ಥ

ಬದುಗಳು ತಿನ್ನುವ ಖರ್ಜೂರ, ಧಾನ್ಯ, ತೊಡುವ ಬಟ್ಟೆ, ಕುಡಿಯುವ ಕಾಫಿ ಎಲ್ಲವೂ ಊರಿನಿಂದ ಬರಬೇಕಿತ್ತು. ಅದಕ್ಕೆ ಬದಲಾಗಿ ಅವರ ಬಳಿ ಇದ್ದದ್ದು ಪ್ರಾಣಿಗಳು, ಉಣ್ಣೆ, ಸಮ್ನ್, ಇಕ್ತ್. ವಸಂತ ಮುಗಿಯುತ್ತಿದ್ದಂತೆ ಬುರೈದಾ, ಉನೈಝಾ, ಹಾಯಿಲ್, ತಾಯಿಫ್ ಪೇಟೆಗಳಿಗೆ ತುಪ್ಪ ತುಂಬಿದ ಚರ್ಮದ ಚೀಲಗಳು ಬಂದು ಬೀಳುತ್ತಿದ್ದವು. ಹಜ್ ಯಾತ್ರಿಕರು ಸೇರುವ ಮೆಕ್ಕಾದಲ್ಲಿ ತುಪ್ಪಕ್ಕೆ ಬೇಡಿಕೆ ಬಹಳವಿತ್ತು.

ಡೌಟಿ 1878ರ ಬೇಸಿಗೆಯಲ್ಲಿ ಉನೈಝಾದಿಂದ ಹೊರಟದ್ದು ಇಂಥದೊಂದು ತುಪ್ಪದ ಸಾರ್ಥದ ಜೊತೆಗೆ. ಅದರಲ್ಲಿ 170 ಒಂಟೆಗಳಿದ್ದವು, ಹೊರೆ 30 ಟನ್ನಿಗೆ ಹತ್ತಿರ ಎಂದು ಅವನು ಬರೆದಿದ್ದಾನೆ. ನಜ್ದ್‌ನ ಸುಡುಬಯಲನ್ನು ದಾಟಿ ಮೆಕ್ಕಾದ ಕಡೆ ನಡೆದ ಆ ಹೊರೆಯಲ್ಲಿ ಒಂದೊಂದು ತೊಟ್ಟೂ ಯಾವುದೋ ಡೇರೆಯ ಮುಂದೆ ಹೆಂಗಸೊಬ್ಬಳು ತೂಗಿದ ಚೀಲದಿಂದ ಬಂದದ್ದು. ಬೆಣ್ಣೆ ಬಿಡಿಸಿಕೊಟ್ಟದ್ದು ಆ ಚೀಲದ ಹುಳಿ. ಸಾರ್ಥದ ಒಡೆಯರ ಹೆಸರು ದಾಖಲೆಯಲ್ಲಿ ಸಿಗುತ್ತದೆ, ಚೀಲ ತೂಗಿದವರದು ಸಿಗುವುದಿಲ್ಲ.

ಹುಳಿ ಹಿಟ್ಟು, ಹುಳಿ ಪಾನಕ

ಹುಳಿಸುವ ವಿದ್ಯೆ ಹಾಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ನೈರುತ್ಯದ ಜಾಝಾನ್ ಸೀಮೆ ಜೋಳ ಬೆಳೆಯುವ ನಾಡು. ಅಲ್ಲಿ ಖಮೀರ್ ಎಂಬ ಜೋಳದ ರೊಟ್ಟಿಯ ಹಿಟ್ಟನ್ನು ಈರುಳ್ಳಿ, ಬೆಳ್ಳುಳ್ಳಿ, ಮೆಂತ್ಯ ಸೇರಿಸಿ ಕಲಸಿ ಹುಳಿಯಲು ಬಿಡುತ್ತಾರೆ. ಮರುದಿನದ ಹಿಟ್ಟಿಗೆ ಹಿಂದಿನ ದಿನದ ಹಿಟ್ಟೇ ಹೆಪ್ಪು. ಕರ್ನಾಟಕದಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ಕೂಡಲೇ ರೊಟ್ಟಿ ಬಡಿಯುವವರಿಗೆ ಈ ಹುಳಿರೊಟ್ಟಿ ಹೊಸದೆನಿಸಬಹುದು. ಅಂಬಲಿ, ದೋಸೆಹಿಟ್ಟು ಬಲ್ಲವರಿಗೆ ಅದರ ಹದ ಕೂಡಲೇ ತಿಳಿಯುತ್ತದೆ. ಖಮೀರ್ ಹಿಟ್ಟನ್ನು ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೀಡಿಯೋಕಾಕಸ್, ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಗಳು ಮತ್ತು ಯೀಸ್ಟ್‌ಗಳು ಕಂಡುಬಂದವು. ಮೆಕ್ಕಾ, ಜಿದ್ದಾ, ಮದೀನಾಗಳಲ್ಲಿ ರಂಜಾನ್ ತಿಂಗಳ ಸಂಜೆ ಮಾರುವ ಸೂಬಿಯಾ ಎಂಬ ಪಾನಕವೂ ಬಾರ್ಲಿಯನ್ನೋ ಒಣ ರೊಟ್ಟಿಯನ್ನೋ ನೆನೆಸಿ, ಏಲಕ್ಕಿ ದಾಲ್ಚಿನ್ನಿ ಹಾಕಿ, ತುಸು ಹುಳಿಯಲು ಬಿಟ್ಟು ಮಾಡಿದ್ದು.

ಪ್ರಯೋಗಾಲಯ ಕಂಡದ್ದು

ಹಾಲು ಹುಳಿಯುವುದು ಜೀವಿಗಳ ಕೆಲಸವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿದ. ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ 1905ರಲ್ಲಿ ತನ್ನ ನಾಡಿನ ಮೊಸರಿನಿಂದ ಕೋಲಿನಾಕಾರದ ಬ್ಯಾಕ್ಟೀರಿಯವೊಂದನ್ನು ಗುರುತಿಸಿದ. ಅದನ್ನು ಆಧರಿಸಿ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಹುಳಿಹಾಲಿನ ಬ್ಯಾಕ್ಟೀರಿಯಗಳು ಕರುಳನ್ನು ಕಾಪಾಡಿ ಆಯುಷ್ಯ ಹೆಚ್ಚಿಸುತ್ತವೆಂದು ವಾದಿಸಿದ. ಅವನ ವಾದದ ಎಲ್ಲ ಭಾಗವೂ ನಿಲ್ಲಲಿಲ್ಲ. ಆದರೆ ಮನುಷ್ಯನ ಕರುಳಿನಲ್ಲಿ ಬಾಳುವ ಜೀವಿಗಳು ನಾರನ್ನು ಒಡೆದು, ಕೆಲವು ವಿಟಮಿನ್‌ಗಳನ್ನು ತಯಾರಿಸಿ, ರೋಗಕಾರಕಗಳಿಗೆ ಜಾಗ ಬಿಡದೆ ಆರೋಗ್ಯಕ್ಕೆ ನೆರವಾಗುತ್ತವೆ ಎಂಬುದು ಈಗ ಸ್ಥಿರಪಟ್ಟ ಸಂಗತಿ. ಸೌದಿಯ ಸಂಶೋಧಕರು 1980ರ ದಶಕದಿಂದ ಇಕ್ತ್‌ನ ಪೋಷಕಾಂಶ, ಗುಣಮಟ್ಟ, ಸೂಕ್ಷ್ಮಜೀವಿಗಳ ಬಗ್ಗೆ ಲೇಖನಗಳನ್ನು ಪ್ರಕಟಿಸುತ್ತ ಬಂದಿದ್ದಾರೆ.

ಇಲ್ಲಿ ಎರಡು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಕೊಟ್ಟ ವ್ಯಾಖ್ಯೆಯಂತೆ ಪ್ರೊಬಯಾಟಿಕ್ ಎನಿಸಿಕೊಳ್ಳಲು ಜೀವಿಗಳು ಬದುಕಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಅವುಗಳಿಂದ ಆರೋಗ್ಯಕ್ಕೆ ಲಾಭವಾಗಬೇಕು. ಕಾಯಿಸಿ ಮಾಡಿದ ಇಕ್ತ್ ಈ ಸಾಲಿಗೆ ಸೇರದು. ಅದರ ಬೆಲೆ ಪೋಷಣೆ ಮತ್ತು ಬಾಳಿಕೆಯಲ್ಲಿದೆ. ಎರಡನೆಯದು, ಹಸಿ ಹಾಲಿನ ಎಲ್ಲ ಜೀವಿಗಳೂ ಮಿತ್ರರಲ್ಲ. ಬ್ರೂಸೆಲ್ಲಾ ಬ್ಯಾಕ್ಟೀರಿಯದಿಂದ ಬರುವ ಜ್ವರ ಅರೇಬಿಯದ ಪಶುಪಾಲಕರಿಗೆ ಹಳೆಯ ಶತ್ರು. ಹುಳಿ ಒಂದೇ ಅದನ್ನು ಖಚಿತವಾಗಿ ತಡೆಯಲಾರದು. ಒಂಟೆಗಳಿಂದ ಹರಡಬಲ್ಲ ಮೆರ್ಸ್ ರೋಗ 2012ರಲ್ಲಿ ಕಾಣಿಸಿಕೊಂಡ ಮೇಲೆ ಹಸಿ ಒಂಟೆ ಹಾಲನ್ನು ಕುಡಿಯಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಇಕ್ತ್ ಮಾಡುವಾಗ ಲಬನ್ ಕಾಯಿಸುತ್ತಿದ್ದ ಅಜ್ಜಿಯರ ಪದ್ಧತಿ ಈ ದೃಷ್ಟಿಯಿಂದಲೂ ವಿವೇಕದ್ದು.

ಕಾರ್ಖಾನೆಯ ಕಾಲ

1938ರಲ್ಲಿ ದಮ್ಮಾಮ್‌ನ ಏಳನೆಯ ಬಾವಿಯಲ್ಲಿ ತೈಲ ಸಿಕ್ಕಿತು. ಮುಂದಿನ ನಲವತ್ತು ವರ್ಷಗಳಲ್ಲಿ ಬದುಗಳ ಬದುಕು ಬುಡಸಹಿತ ಬದಲಾಯಿತು. ಒಂಟೆಯ ಬದಲು ಲಾರಿ ಬಂತು, ಬಾವಿಯ ಬದಲು ಟ್ಯಾಂಕರ್ ಬಂತು, ಮಕ್ಕಳು ಶಾಲೆಗೆ, ಗಂಡಸರು ಸೇನೆಗೆ, ತೈಲ ಕಂಪನಿಗೆ ಸೇರಿದರು. ಡೇರೆ ಮಡಚಿ ಮನೆ ಕಟ್ಟಿದವರಿಗೆ ಫ್ರಿಜ್ ಸಿಕ್ಕಿತು. ಹಾಲು ಕೆಡುತ್ತದೆ ಎಂಬ ಭಯ ಹೋದೊಡನೆ ಚೀಲದ ಅಗತ್ಯವೂ ಹೋಯಿತು.

1977ರಲ್ಲಿ ರಾಜಕುಮಾರ ಸುಲ್ತಾನ್ ಬಿನ್ ಮುಹಮ್ಮದ್ ಮತ್ತು ಐರ್ಲೆಂಡಿನ ಮೆಕ್‌ಗಕಿಯನ್ ಸಹೋದರರು ಸೇರಿ ಅಲ್‌ಮರಾಯಿ ಕಂಪನಿಯನ್ನು ಕಟ್ಟಿದರು. ಆ ಹೆಸರಿನ ಅರ್ಥ ಹುಲ್ಲುಗಾವಲುಗಳು. ಅಲ್ ಖರ್ಜ್ ಬಯಲಿನಲ್ಲಿ ಅಲ್ ಸಾಫಿ ಡೈರಿ ಎದ್ದಿತು; 1998ರಲ್ಲಿ ಅದು ಜಗತ್ತಿನ ಅತಿ ದೊಡ್ಡ ಸಮಗ್ರ ಡೈರಿಯೆಂದು ಗಿನ್ನೆಸ್ ದಾಖಲೆಗೆ ಸೇರಿತು. 1981ರಲ್ಲಿ ಸರ್ಕಾರ ನಾದೆಕ್ ಕಂಪನಿಯನ್ನು ಸ್ಥಾಪಿಸಿತು. ಹೋಲ್‌ಸ್ಟೀನ್ ಹಸುಗಳು ತಂಪು ಕೊಟ್ಟಿಗೆಯಲ್ಲಿ ನಿಂತವು. ಅವುಗಳ ಮೇವಿಗೆ ಆಳದ ಅಂತರ್ಜಲವನ್ನು ಎತ್ತಿದರು. ಆ ನೀರು ಬರಿದಾಗತೊಡಗಿದಾಗ ದೇಶದೊಳಗೆ ಹಸಿರು ಮೇವು ಬೆಳೆಯುವುದಕ್ಕೆ ಕಡಿವಾಣ ಬಿತ್ತು. ಅಲ್‌ಮರಾಯಿ ಮೇವಿಗಾಗಿ ಅರ್ಜೆಂಟೀನಾ ಮತ್ತು ಅಮೆರಿಕದ ಅರಿಜೋನಾದಲ್ಲಿ ಜಮೀನು ಕೊಂಡಿತು.

ಕಾರ್ಖಾನೆಯಲ್ಲಿ ಹಾಲನ್ನು ಮೊದಲು ಕಾಯಿಸಿ ಅದರಲ್ಲಿದ್ದ ಜೀವಿಗಳ ಸಂಖ್ಯೆಯನ್ನು ಇಳಿಸುತ್ತಾರೆ. ಆಮೇಲೆ ಪ್ರಯೋಗಾಲಯದಲ್ಲಿ ಬೆಳೆಸಿದ ಆಯ್ದ ಹೆಪ್ಪು ಹಾಕುತ್ತಾರೆ. ಇದರಿಂದ ಲಬನ್ ಸುರಕ್ಷಿತವಾಯಿತು, ಅಗ್ಗವಾಯಿತು, ಎಲ್ಲ ದಿನವೂ ಒಂದೇ ರುಚಿಗೆ ಬಂತು. ದಮ್ಮಾಮ್, ಜುಬೈಲ್, ಜಿದ್ದಾಗಳಲ್ಲಿ ದುಡಿಯುವ ಕರಾವಳಿಯ ಕನ್ನಡಿಗರಿಗೂ ಊಟದ ಕೊನೆಯ ಮಜ್ಜಿಗೆಯೆಂದರೆ ಅಂಗಡಿಯ ಲಬನ್ ಬಾಟಲಿಯೇ. ಅದಕ್ಕೆ ಶುಂಠಿ, ಹಸಿಮೆಣಸು, ಕರಿಬೇವು ಬಿದ್ದರೆ ಊರಿನ ರುಚಿ ಬರುತ್ತದೆ. ಈ ಲಾಭ ಸಣ್ಣದಲ್ಲ. ಡೇರೆ ಡೇರೆಗೂ ಬೇರೆಯಾಗಿದ್ದ ಹೆಪ್ಪುಗಳು ಮಾತ್ರ ಈ ದಾರಿಯಲ್ಲಿ ಒಂದೊಂದಾಗಿ ಆರಿಹೋದವು.

ಉಳಿದದ್ದು

ಇಕ್ತ್ ಪೂರ್ತಿ ಮರೆಯಾಗಿಲ್ಲ. ಬುರೈದಾ, ಹಾಯಿಲ್, ತಾಯಿಫ್, ರಿಯಾದ್ ಪೇಟೆಗಳಲ್ಲಿ ಹೆಂಗಸರು ಮನೆಯಲ್ಲಿ ಮಾಡಿದ ಉಂಡೆಗಳನ್ನು ಇಂದಿಗೂ ಮಾರುತ್ತಾರೆ. ರಿಯಾದ್ ಬಳಿ 1985ರಲ್ಲಿ ಶುರುವಾದ ಜನಾದ್ರಿಯಾ ಉತ್ಸವ ಹಳೆಯ ಕಸುಬುಗಳನ್ನು ಜನರ ಮುಂದಿಟ್ಟಿತು. ಸೌದಿಯ ಸಂಸ್ಕೃತಿ ಸಚಿವಾಲಯ 2024ನ್ನು ಒಂಟೆಯ ವರ್ಷವೆಂದು ಆಚರಿಸಿತು. ಒಂಟೆ ಹಾಲಿನ ಉದ್ಯಮಕ್ಕಾಗಿ 2023ರಲ್ಲಿ ಸವಾನಿ ಎಂಬ ಕಂಪನಿಯೂ ಹುಟ್ಟಿದೆ.

ಚೀಲ, ಮುಕ್ಕೋಲು, ಪಾತ್ರೆಗಳನ್ನು ವಸ್ತುಸಂಗ್ರಹಾಲಯದ ಗಾಜಿನೊಳಗೆ ಉಳಿಸಬಹುದು. ಹೆಪ್ಪನ್ನು ಹಾಗೆ ಉಳಿಸಲು ಬಾರದು. ಹೊಸ ಹಾಲು ಬೀಳದಿದ್ದರೆ ಕ್ರಮೇಣ ಅದು ಸಾಯುತ್ತದೆ. ಪ್ರಯೋಗಾಲಯದ ಶೀತಕೋಶದಲ್ಲಿ ತಳಿಗಳನ್ನು ಕಾದಿಡುವುದು ಒಂದು ದಾರಿ, ಮನೆಯಲ್ಲಿ ದಿನವೂ ಹೆಪ್ಪು ಹಾಕುವುದು ಇನ್ನೊಂದು. ಎರಡೂ ಬೇಕು. ಈ ಮಾತು ಅರೇಬಿಯಕ್ಕೆ ಎಷ್ಟು ನಿಜವೋ ಪ್ಯಾಕೆಟ್ ಮೊಸರಿಗೆ ಒಗ್ಗುತ್ತಿರುವ ಕನ್ನಡ ನಾಡಿಗೂ ಅಷ್ಟೇ ನಿಜ. ಅಜ್ಜಿಯ ಕಾಲದ ಹೆಪ್ಪು ಇನ್ನೂ ಉಳಿದಿರುವ ಮನೆಯವರು ಇಂದು ರಾತ್ರಿಯೂ ಒಂದು ಚಮಚ ಮೊಸರನ್ನು ನಾಳೆಗೆಂದು ಎತ್ತಿಡಬೇಕು.